ಎಂಟನೇ ಮಹಡಿಯ ಮೂರು ನಿಮಿಷ

ಥೋವಾ ಮದುವೆ ಊಟಕ್ಕೆ ಹೋದರೆ ಬಾಗಿಲ ಪಕ್ಕದ ಮೇಜಿನಲ್ಲೇ ಕೂರುವವಳು. ಹೆಣ್ಣಿನ ಕಡೆಯವರು ಬಂದು ಕೈಹಿಡಿದು ಎಳೆದರೂ, ಒಳಗೆ ತಣ್ಣಗಿದೆ ಬಾ ಎಂದು ಗೋಗರೆದರೂ, ಊಹುಂ, ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಕೂತಲ್ಲಿಂದಲೇ ಎಷ್ಟು ಬಾಗಿಲು, ಎಷ್ಟು ಮೇಜು, ಯಾವ ಬಾಗಿಲಿಗೆ ಬಿಯರ್ ಪೆಟ್ಟಿಗೆಗಳನ್ನು ಅಡ್ಡ ಇಟ್ಟಿದ್ದಾರೆ ಎಂದು ಎಣಿಸಿ ಮುಗಿಸುತ್ತಿದ್ದಳು. ಹಾಯ್‌ಫಾಂಗ್ ಬಂದರಿನ ಹಿಂದಿನ ನಮ್ಮ ಓಣಿಯಲ್ಲಿ ಅವಳಿಗೆ ‘ಹೊಗೆಯಕ್ಕ’ ಎಂದೇ ಹೆಸರು. ಚಹಾದಂಗಡಿಯ ಗಿಡ್ಡ ಮಣೆಗಳ ಮೇಲೆ ಕೂತ ಗಂಡಸರು ಅವಳನ್ನು ದೂರದಿಂದ ಕಂಡರೆ ಸಾಕು, “ಹೊಗೆಯಕ್ಕ ಬಂದ್ಲು, ಸಿಗರೇಟು ಆರಿಸ್ರೋ, ಇಲ್ಲಾಂದ್ರೆ ಲೆಕ್ಕ ಹಾಕ್ಬಿಡ್ತಾಳೆ!” ಎಂದು ಕಿಚಾಯಿಸುತ್ತಿದ್ದರು. “ಲೆಕ್ಕ ಆಗ್ಲೇ ಹಾಕಿದೀನಿ, ನಿಮಗೆ ಉಳಿದಿರೋದು ಹತ್ತು ವರ್ಷ,” ಎಂದು ಅವಳೂ ಬಿಡುತ್ತಿರಲಿಲ್ಲ.

ಹಡಗು ಕಟ್ಟೆಯ ನಕ್ಷೆ ವಿಭಾಗದಲ್ಲಿ ಗೆರೆ ಎಳೆಯುತ್ತಿದ್ದ ಹೆಂಗಸು. ಆ ವಿಭಾಗ ಮುಚ್ಚಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಮಕ್ಕಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಹೊಸ ವಿದ್ಯೆ ಕಲಿತಳು. ಇನ್ನೂ ಕಟ್ಟದ ಕಟ್ಟಡಕ್ಕೆ ಕಂಪ್ಯೂಟರಿನಲ್ಲಿ ಬೆಂಕಿ ಹಚ್ಚುವ ವಿದ್ಯೆ ಅದು. ನಕ್ಷೆಯನ್ನು ಗೇಣಗಲದ ಡಬ್ಬಿಗಳಾಗಿ ಕತ್ತರಿಸಿ, ಒಂದು ಮೂಲೆಯಲ್ಲಿ ಕಿಚ್ಚಿಟ್ಟು, ಹೊಗೆ ಯಾವ ಡಬ್ಬಿಯಿಂದ ಯಾವ ಡಬ್ಬಿಗೆ ಹರಿಯುತ್ತದೆ, ಎಷ್ಟು ದಟ್ಟವಾಗುತ್ತದೆ, ಅದರೊಳಗೆ ನಿಂತವನಿಗೆ ಎಷ್ಟು ಮೀಟರು ಕಾಣುತ್ತದೆ ಎಂದು ಲೆಕ್ಕ ತೆಗೆಯುವುದು. ಆಮೇಲೆ ಕೋಣೆಕೋಣೆಗೂ ನೀಲಿ ಚುಕ್ಕಿಗಳನ್ನು ಇಡುವುದು. ಚುಕ್ಕಿಗಳೇ ಜನ. ಹೊಗೆ ಕಣ್ಣು ಮುಚ್ಚಿಸುವ ಮುಂಚೆ ಚುಕ್ಕಿಗಳೆಲ್ಲ ಬೀದಿಗೆ ಬಿದ್ದರೆ ಕಟ್ಟಡ ಪಾಸು, ಇಲ್ಲದಿದ್ದರೆ ಫೇಲು.

“ಬೆಂಕಿ ಸುಡೋದು ಆಮೇಲೆ. ಮೊದ್ಲು ಹೊಗೆ ಕಣ್ಣು ಕೀಳುತ್ತೆ,” ಎನ್ನುತ್ತಿದ್ದಳು. ಬರೀ ಬಾಯಿಮಾತಲ್ಲ. ತರಬೇತಿಯಲ್ಲಿ ಹೊಗೆ ತುಂಬಿದ ಡೇರೆಯೊಳಗೆ ಅವಳನ್ನು ನಡೆಸಿದ್ದರು. ಹನ್ನೆರಡು ಮೀಟರು ನಡೆಯಲು ನಲವತ್ತೇಳು ಸೆಕೆಂಡು ಹಿಡಿಯಿತು. ಬಾಗಿಲು ಅವಳ ಎಡಗೈಯಿಂದ ಒಂದು ಮೊಳ ದೂರದಲ್ಲಿತ್ತಂತೆ. ಅದನ್ನು ದಾಟಿ ಹೋಗಿ ಮುಂದಿನ ಗೋಡೆಯನ್ನು ತಡವುತ್ತ ಅತ್ತಿದ್ದಳು. ಆ ಮೊಳದ ದೂರವನ್ನು ಅವಳು ಜೀವಮಾನದಲ್ಲಿ ಮರೆಯಲಿಲ್ಲ.

ಅವಳ ಹತ್ತಿರ ಒಂದು ನೋಟ್‌ಬುಕ್ಕಿತ್ತು. ಕಾರ್ಖಾನೆ, ಶಾಲೆ, ಮಾರುಕಟ್ಟೆ, ಎಲ್ಲೆಲ್ಲಿ ಬೆಂಕಿಯ ಅಣಕು ಕವಾಯತು ನಡೆದರೂ ಕೈಗಡಿಯಾರ ಹಿಡಿದು ಹೋಗಿ ನಿಲ್ಲುವಳು. ಗಂಟೆ ಬಾರಿಸಿದ ಮೇಲೆ ನಮ್ಮ ಜನ ಏನು ಮಾಡುತ್ತಾರೆ? ಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ನಗುತ್ತಾರೆ. ಆಮೇಲೆ ಚಪ್ಪಲಿ ಹುಡುಕುತ್ತಾರೆ. ಫೋನು ತಗೊಂಡು, ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಬೀಗ ಸರಿಯಾಗಿ ಬಿತ್ತೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುತ್ತಾರೆ. ಆರು ವರ್ಷ ಅಳೆದು ಅವಳು ಕಂಡುಕೊಂಡದ್ದು ಇಷ್ಟು: ಗಂಟೆ ಕೇಳಿಸಿದ ಮೇಲೆ ಹೊರಡಲು ನಮ್ಮವರಿಗೆ ಮೂರು ನಿಮಿಷ ಬೇಕು. ನಿಯಮದ ಪುಸ್ತಕದಲ್ಲಿ ಒಂದೇ ನಿಮಿಷ ಎಂದಿದೆ.

“ಅಕ್ಕ, ಪುಸ್ತಕ ಬರ್ದೋರು ದಡ್ಡರಾ?” ಎಂದು ಕೇಳುತ್ತಿದ್ದ ಅವಳ ಯಜಮಾನ ಥಾಕ್. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಅವಳು ಈ ಲೆಕ್ಕ ಮಾಡುತ್ತಿದ್ದ ಕಂಪನಿ ಅವನದು.

“ದಡ್ಡರಲ್ಲಪ್ಪ. ನಮ್ಮೋರು ಚಪ್ಪಲಿ ಹುಡುಕೋದನ್ನ ಅವರು ನೋಡಿಲ್ಲ, ಅಷ್ಟೆ.”

ಹೀಗೆ ಮೂರು ನಿಮಿಷವನ್ನು ಕಟ್ಟಿಕೊಂಡು ಅವಳು ಎಷ್ಟೋ ಕಟ್ಟಡಗಳನ್ನು ಫೇಲು ಮಾಡಿದಳು, ಎಷ್ಟೋ ಜನರ ಕೈಲಿ ಬೈಸಿಕೊಂಡಳು, ಎಷ್ಟೋ ಕಡೆ ಎರಡನೇ ಮೆಟ್ಟಿಲು ಕಟ್ಟಿಸಿದಳು. ಹೊರಗಿನವರೆಲ್ಲರ ಮುಂದೆ ಹೆಣ್ಣುಹುಲಿ. ಸೋತದ್ದು ಮನೆಯವರ ಮುಂದೆ.

ಅವಳ ಗಂಡ ಹಡಗಿನ ಬೆಸುಗೆ ಕೆಲಸದವನು, ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿಲ್ಲ. ಗಂಡನ ಅಣ್ಣ ಕ್ವಾಂಗ್ ಮನೆಗೆ ಹಿರಿಯ. ಹಿರಿಯರ ಪೂಜೆಯ ಪೀಠ ಅವನ ಮನೆಯಲ್ಲಿ, ಗಂಡನ ಪಟವೂ ಅಲ್ಲೇ, ವರ್ಷದ ತಿಥಿಯೂ ಅಲ್ಲೇ. ಈ ಕ್ವಾಂಗ್ ಕೈಗಾರಿಕಾ ಪ್ರದೇಶದ ಬಳಿ ಒಂಬತ್ತು ಮಹಡಿಯ ಬಾಡಿಗೆ ಮನೆ ಎಬ್ಬಿಸಲು ಹೊರಟ. ನೆಲಮಹಡಿಯಲ್ಲಿ ಬೈಕುಗಳು, ಅದರ ಮೇಲಿನ ಎಂಟು ಮಹಡಿಗೂ ತಲಾ ಎಂಟು ಕೋಣೆ, ಎಲ್ಲಕ್ಕೂ ಸೇರಿ ಒಂದೇ ಮೆಟ್ಟಿಲು. ಲೆಕ್ಕ ಥಾಕ್‌ನ ಕಂಪನಿಗೆ ಬಂತು, ಥಾಕ್ ಅದನ್ನು ಥೋವಾಳ ಮೇಜಿನ ಮೇಲಿಟ್ಟ.

ಕೆಳಗಿನ ಬೈಕುಗಳಿಗೆ ಕಿಚ್ಚಿಟ್ಟು ನೋಡಿದಳು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಮೆಟ್ಟಿಲಲ್ಲಿ ಕಣ್ಣು ಕಾಣದಂತಾಯಿತು. ಎಂಟನೇ ಮಹಡಿಯ ಕೊನೆಯ ಚುಕ್ಕಿ ಬೀದಿಗೆ ಬರಲು ಐದು ನಿಮಿಷ ಹತ್ತು ಸೆಕೆಂಡು ಬೇಕಿತ್ತು. ಮೂರು ನಿಮಿಷ ಹೊರಡಲು, ಎರಡು ನಿಮಿಷ ಹತ್ತು ಸೆಕೆಂಡು ಇಳಿಯಲು. ಐವತ್ತು ಸೆಕೆಂಡು ಕಡಿಮೆ ಬಿತ್ತು. ಎರಡನೇ ಮೆಟ್ಟಿಲು ಬೇಕು ಎಂದು ಬರೆದಳು.

ಅದೇ ವಾರ ಗಂಡನ ತಿಥಿ. ಕ್ವಾಂಗ್‌ನ ಮನೆಯಲ್ಲಿ ಅಗರಬತ್ತಿ ಹಚ್ಚಿ, ಪಟಕ್ಕೆ ಕೈಮುಗಿದು, ಚಾಪೆಯ ಮೇಲೆ ಊಟಕ್ಕೆ ಕೂತರು. ಕ್ವಾಂಗ್ ಬೇಯಿಸಿದ ಕೋಳಿಯ ಒಳ್ಳೆಯ ತುಂಡನ್ನೇ ಎತ್ತಿ ಅವಳ ಬಟ್ಟಲಿಗೆ ಹಾಕಿದ.

“ಏನು ಥೋವಾ, ನಿನ್ನ ಕಂಪ್ಯೂಟರಿನೊಳಗೆ ನನ್ನ ಮನೆ ಜನ ಎಲ್ಲಾ ಸಾಯ್ತಿದಾರಂತೆ?”

“ಎಲ್ಲಾ ಅಲ್ಲ ಭಾವ. ಆರನೇ ಮಹಡಿಯಿಂದ ಮೇಲಿನೋರು. ಇನ್ನೊಂದು ಮೆಟ್ಟಿಲು ಇಡಿ, ಸರಿಹೋಗುತ್ತೆ.”

“ಇನ್ನೊಂದು ಮೆಟ್ಟಿಲು ಅಂದ್ರೆ ಮಹಡಿಗೆ ಎರಡು ಕೋಣೆ ಹೋಯ್ತು. ಮೆಟ್ಟಿಲನ್ನೇ ಬಾಡಿಗೆಗೆ ಕೊಡ್ಲಾ? ಹೊಗೆ ಗಂಟೆ ಹಾಕಿಸ್ತೀನಿ ಅಂತ ಹೇಳಿಲ್ವಾ? ಮಹಡಿಗೊಂದು. ಒಳ್ಳೇ ಮಾಲು. ಗಂಟೆ ಇದ್ರೆ ಒಂದು ನಿಮಿಷ ಸಾಕು ಅಂತ ಪುಸ್ತಕದಲ್ಲೇ ಇದೆ ಅಂತಾನೆ ನಿನ್ನ ಯಜಮಾನ. ಅವನು ಸುಳ್ಳು ಹೇಳ್ತಾನಾ?”

“ಪುಸ್ತಕದಲ್ಲಿದೆ, ಹೌದು. ಆದ್ರೆ ಭಾವ—”

“ನೋಡಮ್ಮ,” ಎಂದ ಕ್ವಾಂಗ್, ದನಿ ಏರಿಸದೆ. “ನನ್ನ ತಮ್ಮ ನನ್ನ ಗೋಡೆ ಮೇಲಿದಾನೆ. ಹನ್ನೊಂದು ವರ್ಷದಲ್ಲಿ ಒಂದು ತಿಥಿ ತಪ್ಪಿಸಿದೀನಾ? ಒಂದು ದಿನ ನಿಂಗೆ ಲೆಕ್ಕ ತೋರ್ಸಿದೀನಾ? ಮನೆಯೋಳೇ ಹೊರಗಿನೋಳ ಥರ ಮಾತಾಡಿದ್ರೆ, ನಾನೂ ಹೊರಗಿನೋನೇ ಆಗ್ಬೇಕಾಗುತ್ತೆ. ತಿನ್ನು, ಆರೋಗ್ತದೆ.”

ಅವಳು ತಿಂದಳು. ಭಾವ ಗೋಡೆಯಿಂದ ಇಳಿಸಿಬಿಟ್ಟರೆ ಪಟದೊಳಗಿನ ಗಂಡ ಎಲ್ಲಿಗೆ ಹೋಗಬೇಕು? ಅವಳಿದ್ದದ್ದು ಒಂದೇ ಕೋಣೆಯ ಮನೆ. ಅವಳು ಸತ್ತ ಮೇಲೆ ಅವನಿಗೆ ಒಂದು ಕಡ್ಡಿ ಹಚ್ಚುವವರು ಯಾರು? ಅತ್ತ ದರಿ, ಇತ್ತ ಪುಲಿ. ಮಾರನೆಯ ದಿನ ಕಚೇರಿಗೆ ಹೋಗಿ ನೂರ ಎಂಬತ್ತು ಸೆಕೆಂಡು ಅಳಿಸಿ ಅರವತ್ತು ಎಂದು ಒತ್ತಿದಳು. ಹೊಗೆ ಮುಂಚಿನಂತೆಯೇ ಏರಿತು, ಒಂದು ಡಬ್ಬಿಯೂ ಹೆಚ್ಚುಕಡಿಮೆಯಿಲ್ಲ. ಚುಕ್ಕಿಗಳು ಮಾತ್ರ ಗಂಟೆ ಬಾರಿಸಿದ ಕೂಡಲೇ ಸಿಪಾಯಿಗಳಂತೆ ಎದ್ದು, ಮೂರು ನಿಮಿಷ ಹತ್ತು ಸೆಕೆಂಡಿಗೆ ಬೀದಿಯಲ್ಲಿದ್ದವು. ಥಾಕ್ ತಾನೇ ಹೋಗಿ ಅವಳಿಗೆ ಐಸ್ ಚಹಾ ತಂದುಕೊಟ್ಟ. ಆ ಚಹಾ ಅವಳ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು. ಬೇಸಗೆ, ಬಾಯಾರಿತ್ತು, ಪೂರ್ತಿ ಕುಡಿದಳು.

ಮನೆ ಎದ್ದಿತು, ತುಂಬಿತು. ಎಲ್ಲ ಕಾರ್ಖಾನೆಯ ಹುಡುಗಿಯರು, ಸಣ್ಣ ಸಂಸಾರಗಳು. ಅಷ್ಟರಲ್ಲಿ ಥೋವಾಳ ತಂಗಿಯ ಮಗಳು ಮಿಯೆನ್ ಹಳ್ಳಿಯಿಂದ ಕೆಲಸಕ್ಕೆ ಬಂದಳು. ಹತ್ತೊಂಬತ್ತು ವರ್ಷ, ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ದೊಡ್ಡಮ್ಮನಿಗೆ ಇವಳೆಂದರೆ ಪ್ರಾಣ. ಕೆಲಸ ಸಿಕ್ಕ ಶೂ ಕಾರ್ಖಾನೆ ಕ್ವಾಂಗ್‌ನ ಮನೆಯಿಂದ ಕೂಗಳತೆಯ ದೂರ.

“ಎಂಟನೇ ಮಹಡೀಲಿ ಒಂದು ಕೋಣೆ ಖಾಲಿ ಇದೆ,” ಎಂದ ಕ್ವಾಂಗ್. “ಗಾಳಿ ಬೆಳಕು ಎಲ್ಲಾ ಚೆನ್ನಾಗಿದೆ. ನಮ್ಮ ಹುಡುಗಿ ಬೇರೆಯೋರ ಮನೇಲಿ ಯಾಕಿರ್ಬೇಕು?”

ಬೇಡ ಎನ್ನಲು ಥೋವಾಳ ನಾಲಿಗೆ ತುದಿಗೆ ಬಂತು. ಬೇಡ ಎಂದರೆ ಯಾಕೆ ಎನ್ನುತ್ತಾನೆ. ಯಾಕೆ ಎಂಬುದನ್ನು ಹೇಳಿದರೆ, ಹಾಗಾದರೆ ಉಳಿದವರ ಮಕ್ಕಳನ್ನು ಹೇಗೆ ಬಿಟ್ಟೆ ಎಂದು ಜಗತ್ತು ಕೇಳುತ್ತದೆ. ತಾನು ಪಾಸು ಮಾಡಿದ ಮನೆಗೆ ತನ್ನ ಮಗುವನ್ನು ಕಳಿಸದೆ ವಿಧಿಯಿರಲಿಲ್ಲ. “ಆಗ್ಲಿ ಭಾವ,” ಎಂದಳು.

ಮಿಯೆನ್‌ಗೆ ಹಾಸಿಗೆ ಕೊಡಲು ಹೋದ ದಿನ ಎಂಟನೇ ಮಹಡಿಯ ಮೆಟ್ಟಿಲ ಬಳಿ ಥೋವಾ ತಲೆಯೆತ್ತಿ ನೋಡಿದಳು. ಹೊಗೆ ಗಂಟೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡು ಬಿಗಿದಿದ್ದರು. ಏಳನೇ ಮಹಡಿಗಿಳಿದಳು, ಅಲ್ಲೂ ಹಾಗೇ. ಆರರಲ್ಲೂ ಹಾಗೇ. ಕೆಳಗೆ ಕೂತು ಹಲ್ಲುಕಡ್ಡಿ ಕಚ್ಚುತ್ತಿದ್ದ ಕ್ವಾಂಗ್‌ನನ್ನು ಹೋಗಿ ಹಿಡಿದಳು.

“ಏನು ಭಾವ ಇದು, ಗಂಟೆಗೆ ಟೋಪಿ ಹಾಕಿದೀರಿ?”

“ಮತ್ತೇನು ಮಾಡ್ಲಿ? ಅಮಾವಾಸ್ಯೆ ಕಳೆದ ಪಾಡ್ಯಕ್ಕೊಂದ್ಸಲ, ಹುಣ್ಣಿಮೆಗೊಂದ್ಸಲ ಪ್ರತಿಯೊಬ್ಬರೂ ಸತ್ತ ಹಿರಿಯರಿಗೆ ತಲುಪ್ಲಿ ಅಂತ ಕಾಗದದ ಹೊನ್ನು ಸುಡ್ತಾರೆ. ಒಬ್ಬಳು ಅಗರಬತ್ತಿ ಹಚ್ಚಿದ್ರೆ ಒಂಬತ್ತು ಮಹಡಿ ಬಡ್ಕೊಳುತ್ತೆ. ರಾತ್ರಿ ಪಾಳಿ ಮಾಡಿ ಮಲಗಿರೋರು ನನ್ನ ಮೈಮೇಲೆ ಬರ್ತಾರೆ. ನಾನು ಹಾಕಿದ್ದಲ್ಲ, ಅವರೇ ಹಾಕ್ಕೊಂಡಿದ್ದು. ಪಿತೃಗಳನ್ನ ಉಪವಾಸ ಕೆಡವು ಅಂತ ಹೇಳ್ಲಾ? ನೀನು ಹೇಳು ಹೋಗು.”

ಅವಳು ಹೇಳಲಿಲ್ಲ. ಕುರ್ಚಿ ತರಿಸಿ ಒಂಬತ್ತು ಮಹಡಿಯನ್ನೂ ಹತ್ತಿ ಚೀಲಗಳನ್ನು ಕಿತ್ತಳು. ಮುಂದಿನ ವಾರ ಹೋದಾಗ ಎಲ್ಲವೂ ಮತ್ತೆ ಇದ್ದವು. ಎಂಟನೆಯದರ ಚೀಲ ಹೊಸದು, ಗುಲಾಬಿ ಬಣ್ಣದ್ದು.

ಈಗ ಕೇಳಿ ಅವಳು ಏನು ಮಾಡಿದಳು ಎಂದು. ಗಂಟೆಯೇ ಇಲ್ಲ ಎಂದ ಮೇಲೆ ಒಂದು ನಿಮಿಷವೂ ಸುಳ್ಳು, ಮೂರು ನಿಮಿಷವೂ ಸುಳ್ಳು ಎಂದು ಊರಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು. ಒಂದು ಕಾಗದ ಬರೆದು ಹಾಕಿದ್ದರೆ ಅಧಿಕಾರಿಗಳು ಬಂದು ನೋಡುತ್ತಿದ್ದರು. ಬರೆಯಲಿಲ್ಲ. ಬರೆದರೆ ಅರವತ್ತು ಎಂದು ಒತ್ತಿದ ಬೆರಳು ಯಾರದು ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತಲ್ಲ. ಬದಲಿಗೆ ಎಂಟನೇ ಮಹಡಿಗೆ ಹೋಗಿ, ಮಿಯೆನ್‌ಳ ಕೋಣೆಯ ಬಾಗಿಲು ಮುಚ್ಚಿ, ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದಳು.

“ಮಗಾ, ಕೇಳಿಲ್ಲಿ. ಹೊಗೆ ವಾಸನೆ ಬಂದ್ರೆ, ಎಷ್ಟೇ ಚೂರು ಬರ್ಲಿ, ಎದ್ದು ಹೋಗು. ಚಪ್ಪಲಿ ಬೇಡ, ಫೋನ್ ಬೇಡ, ಬೀಗ ಬೇಡ. ಏನಾಯ್ತು ಅಂತ ಯಾರನ್ನೂ ಕೇಳ್ಬೇಡ. ಯಾರ ಬಾಗಿಲ ಹತ್ರಾನೂ ನಿಲ್ಬೇಡ. ಒಂದು ಬಾಗಿಲು ಬಡಿದ್ರೆ ಇಪ್ಪತ್ತು ಸೆಕೆಂಡು ಹೋಯ್ತು. ಗೋಡೆ ಹಿಡ್ಕೊಂಡು ಇಳಿ, ಬೀದಿಗೆ ಹೋಗಿ ನಿಂತ್ಕೊ.”

ಮಿಯೆನ್ ನಕ್ಕಳು. “ದೊಡ್ಡಮ್ಮಾ, ಹುಣ್ಣಿಮೆ ಹುಣ್ಣಿಮೆಗೆ ಓಡಿ ಹೋಗ್ಲಾ? ಹುಚ್ಚಿ ಅಂತಾರೆ ನನ್ನ.”

“ಅನ್ನಿಸ್ಕೊ. ಹುಚ್ಚಿ ಅನ್ನಿಸ್ಕೊಂಡು ಬೀದೀಲಿ ನಿಂತ್ಕೊ.”

“ಆಯ್ತಪ್ಪ. ಪಕ್ಕದ ಲಾನ್ ಅಕ್ಕಂಗೂ ಹೇಳ್ತೀನಿ. ಅವಳು ರಾತ್ರಿ ಪಾಳಿ, ಹಗಲು ಮಲಗಿದ್ರೆ ಹೆಣ.”

ಲಾನ್ ಅದೇ ಕಾರ್ಖಾನೆಯಲ್ಲಿ ಶೂ ಅಡಿಗೆ ಅಂಟು ಹಚ್ಚುವವಳು, ಮಿಯೆನ್‌ಗಿಂತ ಐದಾರು ವರ್ಷ ದೊಡ್ಡವಳು. ಮಿಯೆನ್‌ಗೆ ಕೆಲಸ ಕಲಿಸಿದ್ದು ಅವಳೇ, ದಿನಾ ಅನ್ನ ಬೇಯಿಸುವಾಗ ಇವಳಿಗೂ ಒಂದು ಹಿಡಿ ಅಕ್ಕಿ ಹಾಕುವವಳೂ ಅವಳೇ.

“ಬೇಡ,” ಎಂದಳು ಥೋವಾ. ತಡವರಿಸದೆ ಹೇಳಿದಳು, ಅದನ್ನು ನಾವು ಇಲ್ಲಿ ಮುಚ್ಚಿಡುವುದು ಬೇಡ. “ಒಬ್ಬರಿಗೆ ಹೇಳಿದ್ರೆ ಮನೆಯೆಲ್ಲಾ ಹಬ್ಬುತ್ತೆ. ಭಾವನ ಕಿವಿಗೆ ಬೀಳುತ್ತೆ. ನೀನು ನಿನ್ನ ಪಾಡಿಗೆ ಜೋಪಾನವಾಗಿರು ಸಾಕು.”

ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆಯನ್ನು ಅವಳು ತಲೆಕೆಳಗು ಮಾಡಿದ್ದಳು. ಅವಳ ಜಾಗದಲ್ಲಿ ನಾವು ಇದ್ದಿದ್ದರೂ ಹಾಗೇ ಮಾಡುತ್ತಿದ್ದೆವು ಎಂದು ಓಣಿಯ ಹೆಂಗಸರು ಈಗಲೂ ಹೇಳುತ್ತಾರೆ. ಇದ್ದೀತು. ಆದರೆ ನಮಗ್ಯಾರಿಗೂ ಅವಳ ಲೆಕ್ಕ ಗೊತ್ತಿರಲಿಲ್ಲ.

ಏಳನೇ ತಿಂಗಳ ಹುಣ್ಣಿಮೆ ಬಂತು. ಆ ತಿಂಗಳು ಸತ್ತವರ ತಿಂಗಳು. ಮನೆಯ ಹಿರಿಯರಿಗೆ ಎಡೆ, ದಿಕ್ಕಿಲ್ಲದ ಆತ್ಮಗಳಿಗೆ ಗಂಜಿ. ಕಾಗದದ ಬಟ್ಟೆ, ಕಾಗದದ ಬೈಕು, ಕಾಗದದ ಎರಡಂತಸ್ತಿನ ಮನೆ, ಎಲ್ಲ ತಂದು ರಾಶಿ ಹಾಕಿ ಸುಡುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಊರಿಗೆ ಊರೇ ಹೊಗೆಯಾಡುತ್ತಿತ್ತು. ಕ್ವಾಂಗ್‌ನ ಮನೆಯ ಕೆಳಗೆ ಯಾರೋ ತಗಡಿನ ಡಬ್ಬದಲ್ಲಿ ಸುಟ್ಟರು, ಆರಿತು ಎಂದುಕೊಂಡು ಮೇಲೆ ಹೋದರು. ಗಾಳಿಗೆ ಒಂದು ಉರಿಯುವ ಕಾಗದ ಹಾರಿ ಬೈಕುಗಳ ಸಾಲಿಗೆ ಬಿತ್ತು.

ಥೋವಾ ತನ್ನ ನೋಟ್‌ಬುಕ್ಕಿನಲ್ಲಿ ಚಪ್ಪಲಿ ಬರೆದಿದ್ದಳು, ಫೋನು ಬರೆದಿದ್ದಳು, ಬೀಗ ಬರೆದಿದ್ದಳು. ಇದೊಂದನ್ನು ಬರೆದಿರಲಿಲ್ಲ. ಪಾಡ್ಯ, ಹುಣ್ಣಿಮೆಗಳಲ್ಲಿ ನಮ್ಮವರಿಗೆ ಹೊಗೆ ಎಂದರೆ ಅಪಾಯವಲ್ಲ, ಭಕ್ತಿ. ತಾನೂ ತಿಂಗಳಿಗೆ ಎರಡು ಸಲ ಮೂಗಿಗೆ ಎಳೆದುಕೊಂಡ ವಾಸನೆಯದು, ಮಿಯೆನ್ ನಗುತ್ತ ಅದನ್ನೇ ಹೇಳಿಯೂ ಇದ್ದಳು, ಆದರೂ ಲೆಕ್ಕಕ್ಕೆ ಸೇರಿಸಲು ಹೊಳೆಯಲಿಲ್ಲ. ಆ ದಿನ ಆರನೇ ಮಹಡಿಯಲ್ಲಿ, ಏಳನೇ ಮಹಡಿಯಲ್ಲಿ, ಎಂಟನೇ ಮಹಡಿಯಲ್ಲಿ ಹೊಗೆ ಬಂದಾಗ ಜನ ಕಿಟಕಿ ತೆರೆದರು, ಅಷ್ಟೆ. “ಯಾರೋ ಜೋರಾಗಿ ಸುಡ್ತಿದಾರಪ್ಪ, ದೊಡ್ಡ ಮನೆಯೋರೇ ಇರ್ಬೇಕು,” ಎಂದು ಒಬ್ಬಾಕೆ ಹೇಳಿದಳಂತೆ. ಎದುರು ಬೀದಿಯವರು ಕಪ್ಪು ಹೊಗೆ ಕಂಡೂ ಹತ್ತು ನಿಮಿಷ ಅಗ್ನಿಶಾಮಕದವರಿಗೆ ಫೋನು ಮಾಡಲಿಲ್ಲ.

ಮಿಯೆನ್ ಹೋದಳು. ವಾಸನೆ ಬಂದ ಕೂಡಲೇ, ಬರಿಗಾಲಲ್ಲಿ, ತಲೆಗೆ ಹಚ್ಚಿದ ಶಾಂಪೂ ನೊರೆಯ ಸಮೇತ ಹೋದಳು. ಲಾನ್‌ಳ ಬಾಗಿಲು ದಾಟುವಾಗ ಒಂದು ಸಲ ಕೈ ಎತ್ತಿ, ಇಳಿಸಿ, ಮುಂದೆ ಹೋದಳು. ಅವಳು ಬೀದಿ ಮುಟ್ಟಿ ತಿರುಗಿ ನೋಡಿದಾಗ ಮೆಟ್ಟಿಲ ಬಾಯಿಂದ ಹೊಗೆ ಮುದ್ದೆಮುದ್ದೆಯಾಗಿ ಬರುತ್ತಿತ್ತು. ಮೇಲೆ ಉಳಿದವರಲ್ಲಿ ಆರು ಜನ ಸತ್ತರು. ಲಾನ್ ಹಾಸಿಗೆಯಲ್ಲಿ ಸಾಯಲಿಲ್ಲ. ಎಚ್ಚರವಾಗಿ, ಎದ್ದು, ಮೆಟ್ಟಿಲ ಬಾಗಿಲು ಕಾಣದೆ ಅದನ್ನು ದಾಟಿ ಹೋಗಿ ಮುಂದಿನ ಗೋಡೆಯ ಬುಡದಲ್ಲಿ ಬಿದ್ದಿದ್ದಳು. ಥೋವಾ ಎಲ್ಲವನ್ನೂ ವಿಚಾರಿಸಿ ತಿಳಿದುಕೊಂಡಳು. ಬಾಗಿಲಿನಿಂದ ಎಷ್ಟು ದೂರ ಎಂದು ಮಾತ್ರ ಕೇಳಲಿಲ್ಲ.

ಪೊಲೀಸರು ಕ್ವಾಂಗ್‌ನನ್ನು ಹಿಡಿದುಕೊಂಡು ಹೋದರು. ತನಿಖೆಯವರು ಥೋವಾಳನ್ನೂ ಕರೆಸಿದರು. ಅಧಿಕಾರಿ ಅವಳ ವರದಿಯನ್ನು ಪುಟಪುಟವಾಗಿ ತಿರುವಿದ. ನಡುವಯಸ್ಸಿನ, ನಿದ್ದೆಯಿಲ್ಲದ, ಒಳ್ಳೆಯ ಮನುಷ್ಯ.

“ನಿಮ್ಮ ಲೆಕ್ಕ ಸರಿಯಾಗಿದೆ ಅಕ್ಕ. ಪುಸ್ತಕದ ಪ್ರಕಾರಾನೇ ಇದೆ. ಗಂಟೆ ಕೆಲಸ ಮಾಡಿದ್ರೆ ಎಲ್ಲರೂ ಇಳೀತಿದ್ರು. ಗಂಟೆ ಮುಚ್ಚಿದ್ದು ಮನೆಯೋರ ತಪ್ಪು. ಒಂದೇ ವಿಷಯ ಕೇಳ್ಬೇಕಿತ್ತು. ಎಂಟನೇ ಮಹಡಿಯಿಂದ ತಾನಾಗೇ ಮೆಟ್ಟಿಲು ಇಳಿದೋಳು ಒಬ್ಬಳೇ, ನಿಮ್ಮ ತಂಗಿ ಮಗಳು. ಅಷ್ಟು ಬೇಗ ಹೆಂಗೆ ಹೊರಟೆ ಅಂದ್ರೆ, ‘ದೊಡ್ಡಮ್ಮನ್ನ ಕೇಳಿ’ ಅಂತಾಳೆ. ಬೇರೆ ಮಾತಿಲ್ಲ. ನೀವೇನಾದ್ರೂ ಹೇಳಿದ್ರಾ?”

ಥೋವಾಳ ಮುಂದೆ ಒಂದು ಲೋಟ ಬಿಸಿನೀರು ಇಟ್ಟಿದ್ದರು. ಅವಳು ಅದನ್ನು ಎತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟಳು.

“ಹಳ್ಳಿ ಹುಡುಗಿ ಸ್ವಾಮಿ. ಮೊದಲಿಂದ್ಲೂ ಪುಕ್ಕಲಿ. ಹೆದರಿ ಓಡಿದಾಳೆ.”

“ಪುಣ್ಯ ಮಾಡಿದ್ಲು,” ಎಂದ ಅಧಿಕಾರಿ. ಅದೃಷ್ಟದಿಂದ ಪಾರಾದಳು ಎಂದು ಬರೆದುಕೊಂಡು, ಕಾಗದವನ್ನು ಅವಳ ಕಡೆ ತಿರುಗಿಸಿದ. ಥೋವಾ ಓದಿ ಸಹಿ ಹಾಕಿದಳು.

ಹೊರಗೆ ಬೆಂಚಿನ ಮೇಲೆ ಮಿಯೆನ್ ಕೂತಿದ್ದಳು. ಯಾರದೋ ದೊಡ್ಡ ಅಳತೆಯ ಚಪ್ಪಲಿ ಹಾಕಿಕೊಂಡಿದ್ದಳು. ಎಂಟು ದಿನದಿಂದ ನಕ್ಕಿರಲಿಲ್ಲ.

“ಏನು ಹೇಳಿದೆ ದೊಡ್ಡಮ್ಮ?”

ಥೋವಾ ಅವಳ ಕೈ ಹಿಡಿಯಲು ಹೋದಳು. “ಎಲ್ಲಾ ಮುಗೀತು ಮಗಾ. ನಡಿ ಮನೆಗೆ. ಏಡಿ ನೂಡಲ್ಸ್ ತಿಂದು ಹೋಗಣ, ನೀನು ನಿನ್ನೆಯಿಂದ ಏನೂ—”

“ಹೇಳ್ಲಿಲ್ಲ ಅಲ್ವಾ?”

ಥೋವಾ ಚೀಲವನ್ನು ಹೆಗಲಿಗೇರಿಸಿಕೊಂಡಳು.

“ಲಾನ್ ಅಕ್ಕನ ಅಮ್ಮ ಬಂದಿದಾಳೆ,” ಎಂದಳು ಮಿಯೆನ್. ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ. “ದಿನಾ ನನ್ನ ಹತ್ರ ಬಂದು ಕೂತ್ಕೋತಾಳೆ. ಬೈಯಲ್ಲ. ಒಂದೇ ಕೇಳ್ತಾಳೆ. ‘ಪಕ್ಕದ ಬಾಗ್ಲು ತಾನೇ ಮಗಾ, ಒಂದು ಸಲ ಬಡೀಬಾರ್ದಿತ್ತಾ?’ ಅಂತ. ನಾನೇನು ಹೇಳ್ಲಿ? ಪುಕ್ಕಲಿ ಅಂತ ಹೇಳ್ಲಾ? ಅದೃಷ್ಟ ಅಂತ ಹೇಳ್ಲಾ? ನಂಗೆ ಗೊತ್ತಿತ್ತು ದೊಡ್ಡಮ್ಮ. ನೀನು ನಂಗೆ ಹೇಳಿದ್ದೆ. ಅವಳಿಗೆ ಹೇಳ್ಬೇಡ ಅಂತಾನೂ ನೀನೇ ಹೇಳಿದ್ದೆ. ಅದನ್ನ ನಾನು ಆ ಮುದುಕಿಗೆ ಹೇಳಕ್ಕಾಗಲ್ಲ. ನೀನು ಹೋಗಿ ಹೇಳು.”

ಎದ್ದು ಹೊರಟಳು. ಥೋವಾ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ ನಿಂತಳು. ಮಿಯೆನ್ ಆ ವಾರವೇ ಹಳ್ಳಿಗೆ ಹೋದಳು, ಮತ್ತೆ ಬರಲಿಲ್ಲ, ಫೋನು ಎತ್ತಲಿಲ್ಲ.

ಥೋವಾ ಲಾನ್‌ಳ ತಾಯಿಯ ಊರಿಗೆ ಹೋದಳೇ ಎಂದು ಕೇಳುತ್ತೀರಿ. ಬಸ್ ನಿಲ್ದಾಣಕ್ಕೆ ಮೂರು ಸಲ ಹೋದಳು, ಕೈಯಲ್ಲಿ ಹಣ್ಣಿನ ಚೀಲ ಹಿಡಿದುಕೊಂಡು. ಮೂರನೆಯ ಸಲ ಬಸ್ಸನ್ನೂ ಹತ್ತಿದಳು. ನಮ್ಮ ಓಣಿಯ ಹಣ್ಣಿನವಳು ಅದೇ ಬಸ್ಸಿನಲ್ಲಿದ್ದಳು, ಅವಳೇ ನೋಡಿ ಹೇಳಿದ್ದು. ಎಂಜಿನ್ ಶುರುವಾಯಿತು, ಕಂಡಕ್ಟರ್ ಬಾಗಿಲು ಎಳೆಯಲು ಬಂದ, ಬಾಗಿಲ ಪಕ್ಕದ ಸೀಟಿನಲ್ಲಿ ಕೂತಿದ್ದ ಥೋವಾ ಎದ್ದು ಇಳಿದುಬಿಟ್ಟಳು. ಹಣ್ಣಿನ ಚೀಲ ಸೀಟಿನ ಮೇಲೆಯೇ ಉಳಿಯಿತು. ಕೊನೆಯ ನಿಲ್ದಾಣದ ತನಕ ಯಾರೂ ಅದನ್ನು ಮುಟ್ಟಲಿಲ್ಲವಂತೆ.